ನಿನ್ನೆ ಬಿದ್ದ ಮಳೆಯ ಲೆಕ್ಕಕ್ಕೂ ಪತ್ರಿಕೆಯಲ್ಲಿ ಜಾಗ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಳೆಗಾಲ ಹಿಡಿದಂದಿನಿಂದ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಳೆಯ ಸುದ್ದಿ ಇಲ್ಲದ ದಿನವಿಲ್ಲ. ಧರೆ ಕುಸಿದದ್ದು, ಮರ ಬಿದ್ದು ಘಾಟಿ ರಸ್ತೆ ಬಂದ್ ಆದದ್ದು, ವಿದ್ಯುತ್ ಕಂಬಗಳು ಉರುಳಿದ್ದು, ಬಡವರ ಮನೆಯ ಗೋಡೆ ಬಿದ್ದದ್ದು ಇವೆಲ್ಲವೂ ಬರಲೇಬೇಕಾದ ಸುದ್ದಿಗಳು. ಅವು ಮೊದಲ ಪುಟದಲ್ಲಿ ಬಂದರೂ ನನ್ನ ತಕರಾರಿಲ್ಲ. ಆದರೆ ಇಷ್ಟನ್ನೂ ಓದಿ ಮುಗಿಸಿದ ಮೇಲೆ ಮಲೆನಾಡಿನ ಮನೆಯೊಂದಕ್ಕೆ ದಿನವೂ ಬೇಕಾಗುವ ಒಂದು ಸಣ್ಣ ಸಂಗತಿ ಮಾತ್ರ ಸಿಗುವುದೇ ಇಲ್ಲ. ನಿನ್ನೆ ನಮ್ಮ ಸೀಮೆಯಲ್ಲಿ ಬಿದ್ದ ಮಳೆ ಎಷ್ಟು ಎಂಬುದೇ ಆ ಸಂಗತಿ. ಭಾರಿ ಮಳೆ, ಧಾರಾಕಾರ ಮಳೆ, ವರುಣನ ಆರ್ಭಟ ಎಂದೆಲ್ಲ ಇರುತ್ತದೆ. ಎಷ್ಟು ಮಿಲಿಮೀಟರ್ ಎಂಬುದು ಅಪರೂಪಕ್ಕೆ, ಅದೂ ಅನಾಹುತವಾದ ದಿನ ಮಾತ್ರ ಇರುತ್ತದೆ. ಈ ಲೆಕ್ಕವನ್ನು ಪ್ರತಿದಿನವೂ ತಪ್ಪದೆ ಪ್ರಕಟಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಗೃಹಿಣಿಯಾಗಿರುವ ನನಗೆ ಮಳೆ ಎಂದರೆ ಮೊದಲಿಗೆ ಮನೆವಾರ್ತೆಯ ವಿಷಯ. ಜೂನ್ ಕಳೆಯುವ ಹೊತ್ತಿಗೆ ನಮ್ಮಲ್ಲಿ ಬಟ್ಟೆ ಒಣಗುವುದು ಬಿಸಿಲಿಗಲ್ಲ, ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಉಪ್ಪಿನ ಜಾಡಿಯಲ್ಲಿ ನೀರೊಡೆಯುತ್ತದೆ, ಬೆಂಕಿಪೊಟ್ಟಣವನ್ನು ಒಲೆಯ ಪಕ್ಕದ ಗೂಡು ಬಿಟ್ಟು ಬೇರೆಲ್ಲಿಟ್ಟರೂ ಕಡ್ಡಿ ಹೊತ್ತುವುದಿಲ್ಲ, ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಬೇಕಾಗುತ್ತದೆ. ನಿಮ್ಮ ಪತ್ರಿಕೆಯೂ ಬಸ್ಸಿನಲ್ಲಿ ಅರ್ಧ ತೊಯ್ದೇ ಬರುವುದರಿಂದ ಅದನ್ನು ಒಲೆಯ ಬಿಸಿಗೆ ಹಿಡಿದು, ಹಾಳೆ ಹರಿಯದಂತೆ ಒಂದೊಂದಾಗಿ ಬಿಡಿಸಿಕೊಂಡು ಓದುತ್ತೇವೆ. (ಓದಿ ಮುಗಿದ ಹಾಳೆಗಳು ಮಕ್ಕಳ ಒದ್ದೆ ಶೂಗಳ ಒಳಗೆ ಸೇರುತ್ತವೆ, ತಾವು ಅದನ್ನು ಅಗೌರವವೆಂದು ಭಾವಿಸಬಾರದು.) ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಸುಲಿಯುತ್ತಾ ಕುಳಿತಿರುವಾಗ ‘ಮಲೆನಾಡಿನಲ್ಲಿ ಜನಜೀವನ ಅಸ್ತವ್ಯಸ್ತ’ ಎಂಬ ತಲೆಬರಹವನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಮನೆಮಂದಿಗೆಲ್ಲ ನಗು ಬರುತ್ತದೆ. ಮಳೆಗಾಲವೆಂದರೆ ನಮಗೆ ಕಳಲೆ ಪಲ್ಯವೂ ಹೌದು, ಪತ್ರೊಡೆಯೂ ಹೌದು. ಸಂಜೆ ಕರೆಂಟು ಹೋದಾಗ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸೇರಿ ಮಾತನಾಡುವ ಕಾಲವೂ ಹೌದು. ಮಳೆ ಬಂದದ್ದಕ್ಕಿಂತ ಬಾರದೇ ಹೋದ ವರ್ಷವೇ ನಮ್ಮ ಜನಜೀವನ ಹೆಚ್ಚು ಅಸ್ತವ್ಯಸ್ತವಾದದ್ದುಂಟು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನಮ್ಮ ಮಾವನವರು ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡು ದಿನದ ಲೆಕ್ಕ ಬರೆಯುತ್ತಿದ್ದರು. ಈಗ ಆ ಕೆಲಸ ನನ್ನದು. ಮಾಡಿನ ಹನಿ, ಮರದ ಹನಿ ಎರಡೂ ತಾಗದಂತೆ ಬಯಲಿನಲ್ಲಿ ನೆಟ್ಟ ಸಿಲಿಂಡರು, ಅದರ ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಗ್ಗೆ 8.30ಕ್ಕೆ ಛತ್ರಿ ಹಿಡಿದು ಹೋಗಿ, ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದು, ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಅಲುಗಾಡದಂತೆ ಇಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಓದಬೇಕು. ಗಾಜಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲೇರಿ ನಿಂತಿರುತ್ತದೆ. ನೋಡಬೇಕಾದದ್ದು ನಡುವಿನ ತಗ್ಗನ್ನು. ಪುಷ್ಯ ಮಳೆಯ ಜೋರಿನಲ್ಲಿ ಈ ಅಳತೆಯ ಗಾಜನ್ನು ಹಲವು ಸಲ ತುಂಬಿ ಚೆಲ್ಲಿ ಕೂಡಿಸಬೇಕಾಗುತ್ತದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ಹಾಗಾಗಿ 100 ಮಿಲಿಮೀಟರ್ ಬಿದ್ದ ದಿನ, ಸಾವಿರ ಚದರಡಿಯ ಹೆಂಚಿನ ಮಾಡಿನಿಂದ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಅಂಗಳಕ್ಕೆ ಇಳಿದಿರುತ್ತದೆ. ಶಾಲೆಗೆ ಹೋಗುವ ನನ್ನ ಮಗಳು ಈ ಲೆಕ್ಕವನ್ನು ಮಾಡಿ ನೋಡಿದ ದಿನ ಪಟ್ಟ ಸಂತೋಷವನ್ನು ನೆನೆದರೆ, ನಿಮ್ಮ ಪತ್ರಿಕೆಯಲ್ಲಿ ಅಂಕಿ ಬಂದರೆ ಎಷ್ಟು ಮನೆಯ ಮಕ್ಕಳು ಇಂತಹ ಲೆಕ್ಕ ಮಾಡಿಯಾರು ಎಂದು ಅನ್ನಿಸುತ್ತದೆ.

ನಮ್ಮ ಅಂಗಳದ ಅಂಕಿ ನಮಗೆ ಗೊತ್ತಿರುವಾಗ ಪತ್ರಿಕೆಯ ಅಂಕಿ ಯಾಕೆ ಬೇಕು ಎಂದು ತಾವು ಕೇಳಬಹುದು. ಮಲೆನಾಡಿನಲ್ಲಿ ಒಂದು ಅಂಗಳದ ಮಳೆ ಮತ್ತೊಂದು ಅಂಗಳದ ಮಳೆಯಲ್ಲ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರುವಾಗ ತಂಪಾಗಿ, ಘಟ್ಟದ ನೆತ್ತಿಯ ಆಸುಪಾಸಿನಲ್ಲೇ ಹೆಚ್ಚಿನ ಭಾರವನ್ನು ಇಳಿಸಿಬಿಡುತ್ತದೆ. ಪೂರ್ವಕ್ಕೆ ಸರಿದಂತೆಲ್ಲ ಮಳೆ ಬೇಗಬೇಗನೆ ಇಳಿಮುಖವಾಗುತ್ತದೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದೇ ತಾಲ್ಲೂಕಿನ ಮಂಡಗದ್ದೆಯ ಕಡೆಗೆ ಬಂದರೆ ಅದರ ಅರ್ಧವೂ ಇಲ್ಲ. ಅದೇ ಜಿಲ್ಲೆಯ ಶಿಕಾರಿಪುರದ ರೈತರು ಜುಲೈನಲ್ಲಿ ಆಕಾಶ ನೋಡುತ್ತಾ ಕೂರುವ ವರ್ಷಗಳೂ ಇವೆ. ಹೀಗಿರುವಾಗ ‘ಶಿವಮೊಗ್ಗ ಜಿಲ್ಲೆಯಾದ್ಯಂತ ಭಾರಿ ಮಳೆ’ ಎಂಬ ಒಂದು ಸಾಲು ಯಾರಿಗೂ ಸೇರಿದ್ದಾಗುವುದಿಲ್ಲ. ಮೇಗರವಳ್ಳಿಗೆ ಕೊಟ್ಟ ನಮ್ಮ ನಾದಿನಿಯ ಮನೆಯಲ್ಲಿ ಹಳ್ಳ ದಾಟಲು ಆಗುತ್ತಿದೆಯೇ, ನಾಳೆ ನಾಗರಪಂಚಮಿಗೆ ಅವರು ಬಂದಾರೆಯೇ ಎಂಬುದು ನಮಗೆ ತಿಳಿಯಬೇಕಾದರೆ ಮೇಗರವಳ್ಳಿಯ ಅಂಕಿಯೇ ಬೇಕು. ಫೋನು ಮಾಡಿ ಕೇಳಬಹುದಲ್ಲ ಎಂದರೆ, ಜೋರು ಮಳೆಯ ದಿನ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ನೆಟ್‌ವರ್ಕು.

ಈ ಅಂಕಿಗಳನ್ನು ಹೊಸದಾಗಿ ಯಾರೂ ಅಳೆಯಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಮಾಹಿತಿ ತಾನೇತಾನಾಗಿ ಕೇಂದ್ರಕ್ಕೆ ತಲುಪುತ್ತದೆ. ‘ವರುಣ ಮಿತ್ರ’ ಎಂಬ ಸಹಾಯವಾಣಿಯೂ ಇದೆ. ಊರ ಪಂಚಾಯಿತಿ ಕಟ್ಟಡದ ಪಕ್ಕದಲ್ಲಿ ಬೇಲಿಯೊಳಗೆ ನಿಂತಿರುವ ಆ ಕಂಬವನ್ನು ದಿನವೂ ನೋಡುವವರಿಗೆ ಅದು ನಿನ್ನೆ ಏನು ಅಳೆಯಿತು ಎಂಬುದು ಮಾತ್ರ ತಿಳಿಯದು. ಅಂಕಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿಂದ ಊರಿಗೆ ಹಿಂದಿರುಗಲು ಪತ್ರಿಕೆಗಿಂತ ಸುಲಭದ ದಾರಿ ನನಗೆ ತೋಚುತ್ತಿಲ್ಲ.

ನಿಮ್ಮಲ್ಲಿ ಇದಕ್ಕೊಂದು ಒಳ್ಳೆಯ ಮಾದರಿಯೂ ಇದೆ. ಜಲಾಶಯಗಳ ಮಟ್ಟದ ಪಟ್ಟಿಯನ್ನು ನೀವು ಮಳೆಗಾಲದುದ್ದಕ್ಕೂ ತಪ್ಪದೆ ಕೊಡುತ್ತೀರಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಭದ್ರಾ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟಿತ್ತು ಎಂಬ ನಾಲ್ಕು ಸಾಲುಗಳನ್ನು ನಮ್ಮ ಮನೆಯಲ್ಲಿ ಕ್ರಿಕೆಟ್ ಸ್ಕೋರಿಗಿಂತ ಮೊದಲು ಓದುತ್ತಾರೆ. ನಮ್ಮ ಮನೆಯವರು ಕಾಫಿ ಲೋಟ ಕೆಳಗಿಡುವ ಮೊದಲೇ ‘ಲಿಂಗನಮಕ್ಕಿ ಒಂದೇ ದಿನಕ್ಕೆ ಎರಡಡಿ ಏರಿದೆ ಕಣೇ’ ಎಂದು ಕೂಗಿ ಹೇಳುವುದುಂಟು. ಆ ನೀರಿನಿಂದ ನಮಗೆ ನೇರವಾಗಿ ಆಗಬೇಕಾದದ್ದು ಏನೂ ಇಲ್ಲದಿದ್ದರೂ ಹೇಳುವವರಿಗೂ ಕೇಳುವವರಿಗೂ ಒಂದು ಬಗೆಯ ಸಮಾಧಾನ. ಹಾಗೆಯೇ ತುಂಗೆ ಏರಿದಾಗ ಶೃಂಗೇರಿಯಲ್ಲಿ ಹೊಳೆದಂಡೆಯ ಕಪ್ಪೆ ಶಂಕರನ ಗುಡಿ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದ ಸುದ್ದಿಯನ್ನೂ ನೀವು ಕೊಡುತ್ತೀರಿ. ಹೊಳೆಯ ದಂಡೆಯ ಜನ ತಲೆತಲಾಂತರದಿಂದ ನಂಬಿಕೊಂಡು ಬಂದ ಅಳತೆಗೋಲುಗಳಿವು. ಮೇಲಿನ ಊರಿನ ಮಂಟಪ ಮುಳುಗಿತೆಂದರೆ ಕೆಳಗಿನ ಊರಿನವರು ದಂಡೆಯ ಪಂಪ್‌ಸೆಟ್ಟು ಎತ್ತಿಡುತ್ತಾರೆ. ಹೊಳೆಗೆ ಸಿಕ್ಕಿರುವ ಈ ಮರ್ಯಾದೆಯನ್ನು ಮಳೆಗೂ ಕೊಡಿ ಎಂಬುದಷ್ಟೇ ನನ್ನ ಬಿನ್ನಹ.

ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಎಂಬ ಬಣ್ಣದ ಎಚ್ಚರಿಕೆಗಳು ಈಗ ಮಕ್ಕಳ ಬಾಯಲ್ಲೂ ಇವೆ. ಮಕ್ಕಳಿಗೆ ಅದು ರಜೆಯ ಮುನ್ಸೂಚನೆ. ರಾತ್ರಿ ಮಲಗುವ ಮೊದಲು ‘ನಾಳೆ ರಜೆ ಕೊಡ್ತಾರಾ ಅಮ್ಮಾ’ ಎಂದು ಕೇಳುವುದೂ, ಬೆಳಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬಿ, ಜಡೆ ಹೆಣೆದು, ರೇನ್‌ಕೋಟು ತೊಡಿಸಿ ಬಾಗಿಲಿಗೆ ಬಂದ ಮೇಲೆ ರಜೆಯ ಸಂದೇಶ ಬರುವುದೂ, ಆ ಡಬ್ಬಿಯನ್ನು ಜಗುಲಿಯಲ್ಲೇ ಬಿಚ್ಚಿ ತಿನ್ನುವುದೂ ಮಳೆಗಾಲದ ಸಂಭ್ರಮಗಳಲ್ಲಿ ಸೇರಿಹೋಗಿವೆ. ಅಲರ್ಟ್ ಎಂಬುದು ಮುನ್ನೆಚ್ಚರಿಕೆಯೇ ಹೊರತು ಅಳತೆಯಲ್ಲ. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಎಂದು ಹವಾಮಾನ ಇಲಾಖೆ ಗೆರೆ ಎಳೆದಿದೆ. ನಿನ್ನೆಯ ರೆಡ್ ಅಲರ್ಟಿನ ದಿನ ನಿಜಕ್ಕೂ ಈ ಗೆರೆ ದಾಟಿತೇ, ಎಲ್ಲಿ ದಾಟಿತು ಎಂಬುದನ್ನು ಮರುದಿನ ಯಾರೂ ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ ‘ಅಲರ್ಟ್ ಕೊಟ್ಟ ದಿನವೇ ಬಿಸಿಲು’ ಎಂಬ ಕುಹಕ ಹುಟ್ಟಿಕೊಂಡು, ಎಚ್ಚರ ವಹಿಸಬೇಕಾದ ದಿನವೂ ಜನ ಉದಾಸೀನ ಮಾಡುತ್ತಾರೆ. ತಾಲ್ಲೂಕಿನ ಒಂದು ಮೂಲೆಯಲ್ಲಿ ಬಿಸಿಲು ಕಾದಾಗ ಇನ್ನೊಂದು ಮೂಲೆಯಲ್ಲಿ ಸೇತುವೆ ಮುಳುಗಿರುತ್ತದೆಂಬುದು ಅಂಕಿ ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ತೋಟದವರಿಗಂತೂ ಇದು ಸಂಭ್ರಮದ ವಿಷಯವಲ್ಲ, ವರ್ಷದ ಅನ್ನದ ವಿಷಯ. ಮಳೆ ಎಡೆಬಿಡದೆ ಸುರಿದಾಗ ಅಡಿಕೆಗೆ ಕಾಯಿ ಕೊಳೆತು ಉದುರುವ ಕೊಳೆರೋಗ ತಗಲುತ್ತದೆ. ಹಿಂದೆ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರ ಸುಮಾರಿಗೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೈತರಿಗೆ ತೋರಿಸಿಕೊಟ್ಟರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಈಗಿನ ಲೆಕ್ಕ. ಮುಂಗಾರಿಗೆ ಮೊದಲು ಒಂದು ಸಲ, ಅದಾಗಿ 40–45 ದಿನಗಳಿಗೆ ಇನ್ನೊಂದು ಸಲ ಔಷಧಿ ಹೊಡೆಯಬೇಕು. ಈ ಎರಡನೆಯ ಸರದಿ ಬರುವುದು ಸರಿಯಾಗಿ ಜಡಿಮಳೆಯ ನಡುವೆ. ಔಷಧಿ ಗೊನೆಗೆ ಅಂಟಿ ಆರುವಷ್ಟು ಹೊತ್ತಾದರೂ ಮಳೆ ಹೊಳವಾಗಬೇಕು, ಮರ ಹತ್ತಲು ಕೊನೆಗಾರರು ಸಿಗಬೇಕು, ಜಾರುವ ಮರಕ್ಕೆ ಅವರನ್ನು ಹತ್ತಿಸಲು ನಮಗೂ ಧೈರ್ಯ ಬರಬೇಕು. ಕಳೆದ ವಾರದ ಮಳೆ ಹೋಬಳಿಯಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಅಂಕಿಗಳು ಒಂದರ ಕೆಳಗೊಂದು ಕಣ್ಣೆದುರು ಇದ್ದರೆ, ನಾಳೆ ಸುಣ್ಣ ಕಲಸಬೇಕೇ, ಕೊನೆಗಾರರಿಗೆ ಬರಬೇಡಿ ಎನ್ನಬೇಕೇ ಎಂದು ತೀರ್ಮಾನಿಸಲು ಒಂದು ಆಧಾರವಿರುತ್ತದೆ. ಹಾಗೆಂದು ಅಂಕಿ ನೋಡಿ ಮಳೆ ನಿಲ್ಲುತ್ತದೆಂದು ನಾನು ಹೇಳುತ್ತಿಲ್ಲ.

ಇನ್ನು ಬಾರದ ಮಳೆಯ ಮಾತು. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಎಂದು ದಾಖಲಾಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಕೊನೆಗೆ ಘೋಷಿಸಿತು. ಆದರೆ ಆ ಆಗಸ್ಟಿನಲ್ಲಿ ದಿನದಿನವೂ ಪತ್ರಿಕೆ ಓದಿದವರಿಗೆ ಅನಾಹುತ ನಡೆಯುತ್ತಿರುವುದು ಗೊತ್ತಾಗುವಂತಿರಲಿಲ್ಲ. ಮರ ಬೀಳಲಿಲ್ಲ, ರಸ್ತೆ ಕುಸಿಯಲಿಲ್ಲ, ಹಾಗಾಗಿ ಮಳೆಯ ಸುದ್ದಿಯೂ ಇರಲಿಲ್ಲ. ಆಗಸ್ಟಿನಲ್ಲಿ ಬಟ್ಟೆ ಅಂಗಳದ ತಂತಿಯಲ್ಲಿ ಒಣಗುತ್ತಿತ್ತು ಎಂದರೆ ಮಲೆನಾಡಿನವರಿಗೆ ಅರ್ಥವಾದೀತು. ನಮ್ಮ ಮನೆಯ ಪುಸ್ತಕದಲ್ಲಿ ಮಾತ್ರ ಸೊನ್ನೆಯ ಕೆಳಗೆ ಸೊನ್ನೆ, ಅದರ ಕೆಳಗೆ ಮತ್ತೆ ಸೊನ್ನೆ ಕೂತಿದ್ದವು. ಅದೇ ಸೊನ್ನೆಗಳು ಪತ್ರಿಕೆಯಲ್ಲಿ ಊರೂರಿನ ಹೆಸರಿನ ಮುಂದೆ ಅಚ್ಚಾಗಿದ್ದರೆ ಬೇಸಿಗೆಯ ನೀರಿನ ಚಿಂತೆ ಆಗಲೇ ಶುರುವಾಗುತ್ತಿತ್ತು. ಬಾವಿಯ ತಳ ಕಂಡ ಮೇಲೆ ಆರಂಭವಾಗಬೇಕಾಗಿರಲಿಲ್ಲ. ನನ್ನ ಕೋರಿಕೆಗೆ ಕಾರಣಗಳು ಹಲವಿದ್ದರೂ ಈ ಒಂದೇ ಸಾಕು ಎಂದು ನನಗನ್ನಿಸುತ್ತದೆ.

ಆದ್ದರಿಂದ ದಯವಿಟ್ಟು ಜಿಲ್ಲಾ ಪುಟದಲ್ಲಿ ಹೋಬಳಿವಾರು ಮಳೆಯ ಪಟ್ಟಿಯೊಂದನ್ನು ಆರಂಭಿಸಿ. ಬೆಳಗ್ಗೆ 8.30ರವರೆಗಿನ 24 ಗಂಟೆಗಳ ಮಳೆ, ಜೂನ್ 1ರಿಂದ ಇಲ್ಲಿಯವರೆಗಿನ ಒಟ್ಟು ಮಳೆ, ಕಳೆದ ವರ್ಷ ಇದೇ ದಿನದವರೆಗಿನ ಮಳೆ ಇಷ್ಟಿದ್ದರೆ ಸಾಕು. ಸಾಧ್ಯವಾದರೆ ಪಟ್ಟಿಯ ತಲೆಯಲ್ಲಿ ಆ ದಿನದ ಮಳೆ ನಕ್ಷತ್ರದ ಹೆಸರನ್ನೂ ಹಾಕಿ. ಮಘೆ ಮಳೆ ಬಂದಷ್ಟೂ ಲೇಸು, ಮನೆ ಮಗ ಉಂಡಷ್ಟೂ ಲೇಸು ಎನ್ನುವ ಹಿರಿಯರು ಇನ್ನೂ ಮನೆಮನೆಯಲ್ಲಿದ್ದಾರೆ. ನಮ್ಮ ಅತ್ತೆಯವರಿಗೆ ಮಿಲಿಮೀಟರ್ ಹೇಳಿದರೆ ಸಾಲದು, ಯಾವ ಮಳೆಯಲ್ಲಿ ಎಂದೂ ಹೇಳಬೇಕು. ಜಾಗದ ಅಭಾವವಿದ್ದರೆ ದಿನಭವಿಷ್ಯವನ್ನು ಮಾತ್ರ ಮುಟ್ಟಬೇಡಿ, ಅದನ್ನು ಓದದೆ ನಮ್ಮಲ್ಲಿ ಕೆಲವರಿಗೆ ತಿಂಡಿ ಇಳಿಯುವುದಿಲ್ಲ. ಅಡಿಕೆ ಧಾರಣೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲುಗಳ ದರ ಕೊಡುತ್ತೀರಲ್ಲ, ಅದರ ಪಕ್ಕದ ಎರಡಿಂಚು ಸಾಕು. ನಮ್ಮ ಕಡೆಯ ಓದುಗರ ಕಣ್ಣು ಹೇಗೂ ಮೊದಲು ಅಲ್ಲಿಗೇ ಹೋಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗಾರ್ತಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ