ಹೆಪಟೈಟಿಸ್ ಸಿ ತಪಾಸಣೆ ಸೋಮವಾರದಿಂದ: ದಯವಿಟ್ಟು ಪೂರ್ತಿ ಓದಿ

ಎಲ್ಲ ವೈದ್ಯ ಮಿತ್ರರಿಗೂ ನಮಸ್ಕಾರ.

ಸೋಮವಾರದಿಂದ ಹೊರರೋಗಿ ವಿಭಾಗದಲ್ಲಿ ಹೆಪಟೈಟಿಸ್ ಸಿ (ಯಕೃತ್ತಿಗೆ ತಗುಲುವ ವೈರಸ್ ಸೋಂಕು) ತಪಾಸಣೆ ಶುರುವಾಗುತ್ತದೆ. ರೋಗಿಗಳನ್ನು ನೋಡುವ ಎಲ್ಲರಿಗೂ ಇದು ಅನ್ವಯ.

ಹಿಂದೆ ರಕ್ತ ಪಡೆದವರು, ಡಯಾಲಿಸಿಸ್‌ನಲ್ಲಿರುವವರು, ಸೂಜಿ ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಂಡವರು, ಎಚ್‌ಐವಿ ಇರುವವರು, ಗರ್ಭಿಣಿಯರು: ಇವರನ್ನು ಬಿಡಬೇಡಿ. ಎಎಲ್‌ಟಿ (ಯಕೃತ್ತಿನ ಕಿಣ್ವದ ಪರೀಕ್ಷೆ) ನಾರ್ಮಲ್ ಇದೆ ಎಂದು ಸುಮ್ಮನಾಗುವುದೂ ಬೇಡ. ದೀರ್ಘಕಾಲದ ಸೋಂಕಿದ್ದರೂ ಅದು ನಾರ್ಮಲ್ ಬರಬಹುದು.

ಹೆಚ್ಚು ಎಡವಟ್ಟಾಗುವುದು ವರದಿ ಓದುವಾಗ. ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪಾಸಿಟಿವ್ ಎಂದರೆ ಸೋಂಕು ಈಗಲೂ ಇದೆ ಎಂದಲ್ಲ. ಕೆಲವರಲ್ಲಿ ವೈರಸ್ ತಾನಾಗಿಯೇ ಹೋಗಿರುತ್ತದೆ, ಚಿಕಿತ್ಸೆಯಿಂದ ಗುಣವಾದವರಲ್ಲೂ ಆಂಟಿಬಾಡಿ ಉಳಿದಿರುತ್ತದೆ. ರಕ್ತದಲ್ಲಿ ವೈರಸ್ ಈಗ ಇದೆಯೇ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆಯೇ ನಿರ್ಣಾಯಕ. ರೋಗಿಯನ್ನು ಮತ್ತೆ ಕರೆಸಿದರೆ ಎಷ್ಟೋ ಜನ ಬರುವುದಿಲ್ಲ, ಹಾಗಾಗಿ ಮೊದಲ ದಿನವೇ ಎರಡು ಟ್ಯೂಬ್ ರಕ್ತ ತೆಗೆದಿಡಿ, ಆಂಟಿಬಾಡಿಗೊಂದು, ಆರ್‌ಎನ್‌ಎಗೊಂದು. ಇತ್ತೀಚೆಗೆ ಸೋಂಕು ತಗುಲಿರುವ ಅನುಮಾನವಿದ್ದರೆ, ಅಥವಾ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ್ದರೆ, ಆಂಟಿಬಾಡಿ ನೆಗೆಟಿವ್ ಬಂದರೂ ಆರ್‌ಎನ್‌ಎ ಮಾಡಿಸಿ.

ಆರ್‌ಎನ್‌ಎ ಪಾಸಿಟಿವ್ ಬಂದರೆ ಪ್ಲೇಟ್‌ಲೆಟ್, ಎಎಸ್‌ಟಿ (ಇನ್ನೊಂದು ಯಕೃತ್ತಿನ ಕಿಣ್ವ), ಎಎಲ್‌ಟಿ ನೋಡಿ ಫಿಬ್-4 (ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಂದಾಜಿಸುವ ಸೂಚ್ಯಂಕ) ಲೆಕ್ಕ ಹಾಕಿ. ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಏಕೆಂದರೆ ಸಿ ಚಿಕಿತ್ಸೆಯ ವೇಳೆ ಬಿ ಮರುಕಳಿಸಬಹುದು. ಅಮಿಯೋಡರೋನ್ (ಹೃದಯ ಬಡಿತದ ಏರುಪೇರಿಗೆ ಕೊಡುವ ಔಷಧಿ) ತೆಗೆದುಕೊಳ್ಳುವವರಿಗೆ ಹೆಪಟೈಟಿಸ್ ಸಿ ಔಷಧಿ ಸೊಫೋಸ್ಬುವಿರ್ ಕೊಟ್ಟರೆ ಹೃದಯ ಬಡಿತ ಅಪಾಯಕಾರಿಯಾಗಿ ಇಳಿಯಬಹುದು.

ರೋಗಿಗೆ ಇದನ್ನು ಖಂಡಿತ ಹೇಳಿ: ಸಾಮಾನ್ಯವಾಗಿ 12 ವಾರ ಮಾತ್ರೆ ತೆಗೆದುಕೊಂಡರೆ ನೂರಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಒಟ್ಟಿಗೆ ಊಟ ಮಾಡಿದರೆ, ಅಪ್ಪಿಕೊಂಡರೆ ಹರಡುವುದಿಲ್ಲ.

ಪರೀಕ್ಷಾ ಕಿಟ್ ಎಷ್ಟು ಬೇಕು, ರಕ್ತ ತೆಗೆಯುವವರು ಯಾರು ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಈ ಗುಂಪಿನಲ್ಲೇ ತಿಳಿಸಿ. ರೋಗಿಗಳ ಹೆಸರು, ವರದಿಯ ಫೋಟೋ ಗುಂಪಿಗೆ ಹಾಕಬೇಡಿ.