ಕಣ್ಣಿಗೆ ಗ್ಯಾಸ್ ತುಂಬಿದ ಮೇಲೆ ಘಟ್ಟ ಹತ್ತಬಾರದು ಅಂತ ಯಾರಾದರೂ ಹೇಳಬೇಕಿತ್ತು

ಮಾನ್ಯ ಸಂಪಾದಕರೇ,

ನಾನು ಮಡಿಕೇರಿಯಲ್ಲಿ ಟೈಲರಿಂಗ್ ಮಾಡಿಕೊಂಡಿರುವವಳು. ಎರಡು ವರ್ಷದ ಹಿಂದೆ ನನ್ನ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿರುವ ತೆಳು ಪದರ, ಕಳಚಿಕೊಂಡಿತು. ಮೊದಲು ಕಪ್ಪು ಚುಕ್ಕೆಗಳು ತೇಲಾಡಿದವು, ಕತ್ತಲಲ್ಲಿ ಮಿಂಚು ಹೊಡೆದ ಹಾಗಾಯಿತು, ಆಮೇಲೆ ಒಂದು ಪಕ್ಕದಿಂದ ಪರದೆ ಎಳೆದ ಹಾಗೆ. ಮದುವೆ ಸೀಸನ್, ನಿದ್ದೆಗೆಟ್ಟು ಹೊಲಿದದ್ದಕ್ಕೆ ಹೀಗೆ ಅಂದುಕೊಂಡು ಐದು ದಿನ ಸುಮ್ನೆ ಇದ್ದೆ. ಅಷ್ಟರಲ್ಲಿ ರೆಟಿನಾದ ನಡುಭಾಗವೂ ಎದ್ದು ಬಂದಿತ್ತು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಕಣ್ಣೊಳಗಿನ ಲೋಳೆ ತೆಗೆದು, ಲೇಸರ್ ಹಾಕಿ, ರೆಟಿನಾ ಒತ್ತಿ ಹಿಡಿಯಲಿ ಅಂತ ಗ್ಯಾಸ್ ತುಂಬಿದರು. ಬೋರಲು ಮಲಗಬೇಕು, ತಲೆಗೆ ನೀರು ಹಾಕಬಾರದು, ಡ್ರಾಪ್ಸ್ ತಪ್ಪಿಸಬಾರದು, ಇಷ್ಟು ಹೇಳಿ ಕಳಿಸಿದರು. ಚೀಟಿಯಲ್ಲಿ ನನ್ನ ಊರು ಮಡಿಕೇರಿ ಅಂತಲೇ ಬರೆದಿತ್ತು. ಬಸ್ ಸಂಪಾಜೆ ದಾಟಿ ಘಟ್ಟ ಹತ್ತುತ್ತಿದ್ದ ಹಾಗೆ ಕಣ್ಣು ಸಿಡಿಯುವಷ್ಟು ನೋವು, ವಾಂತಿ. ಕಂಡಕ್ಟರ್ ಪಾಪ, ತಿರುವಿಗೆ ಹೀಗಾಗುತ್ತೆ ಅಂತ ನಿಂಬೆಹಣ್ಣು ಕೊಟ್ಟರು. ನನ್ನ ಮಗ ಆಸ್ಪತ್ರೆಗೆ ಫೋನ್ ಮಾಡಿದಾಗ ಡಾಕ್ಟರ್ ಗಾಬರಿಯಾಗಿ, ಈಗಲೇ ಕೆಳಗಿಳಿಯಿರಿ ಅಂದರು. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ರಕ್ತ ಓಡಾಟವೇ ನಿಂತು ದೃಷ್ಟಿ ಪೂರ್ತಿ ಹೋಗಬಹುದಂತೆ. ಮಡಿಕೇರಿ ಸಮುದ್ರ ಮಟ್ಟದಿಂದ 1100 ಮೀಟರ್‌ಗೂ ಮೇಲಿದೆ! ಸುಳ್ಯದ ಚಿಕ್ಕಮ್ಮನ ಮನೆಯಲ್ಲಿ ಏಳು ವಾರ ಉಳಿದೆ. ಕೆಲವು ಗ್ಯಾಸ್ ಎರಡು ವಾರಕ್ಕೆ ಕರಗುತ್ತದೆ, ನನಗೆ ಹಾಕಿದ್ದು ಎರಡು ತಿಂಗಳವರೆಗೂ ಇರುವಂಥದ್ದು.

ಆ ಏಳು ವಾರವೂ ಹೆದರಿಕೆಯೇ. ಗ್ಯಾಸ್ ಕರಗುತ್ತಾ ಬಂದಾಗ ಕಣ್ಣೊಳಗೆ ಚೊಂಬಿನ ನೀರು ತುಳುಕಿದ ಹಾಗೆ ಒಂದು ಗೆರೆ ಅಲ್ಲಾಡುತ್ತದೆ, ಮೇಲಿನ ಅರ್ಧ ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲ. ದಿನ ಕಳೆದ ಹಾಗೆ ಗೆರೆ ಕೆಳಗಿಳಿದು ಕೊನೆಗೆ ಸಣ್ಣ ಗುಳ್ಳೆಯಾಗಿ ಮಾಯವಾಗುತ್ತದೆ. ಇದು ಗೊತ್ತಿಲ್ಲದೆ ನಾನು ರೆಟಿನಾ ಮತ್ತೆ ಕಳಚಿತು ಅಂತ ರಾತ್ರಿಯೆಲ್ಲ ಅತ್ತಿದ್ದೇನೆ.

ಆಪರೇಷನ್ ಸಕ್ಸಸ್ ಅಂದರು. ನಿಜ, ಆ ಡಾಕ್ಟರ್ ಕೈಯಿಂದಲೇ ನನ್ನ ಕಣ್ಣು ಉಳಿದಿದೆ, ಅದನ್ನು ಮರೆಯುವುದಿಲ್ಲ. ಆದರೆ ರೆಟಿನಾ ಅಂಟಿಕೊಂಡರೆ ಹಳೆಯ ದೃಷ್ಟಿ ಬಂತು ಅಂತಲ್ಲ. ಬಲಗಣ್ಣಿಗೆ ಟೇಪಿನ ಗೆರೆ ಈಗಲೂ ಡೊಂಕಾಗಿ ಕಾಣುತ್ತದೆ, ಒಮ್ಮೆ ಮುದುಡಿದ ಬಟ್ಟೆಗೆ ಎಷ್ಟು ಇಸ್ತ್ರಿ ಹಾಕಿದರೂ ಸುಕ್ಕಿನ ಗುರುತು ಉಳಿಯುತ್ತದಲ್ಲ, ಹಾಗೆ. ಒಂದೇ ಗುಂಡಿ ಎಡಗಣ್ಣಿಗೆ ದೊಡ್ಡದು, ಬಲಗಣ್ಣಿಗೆ ಚಿಕ್ಕದು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಪಕ್ಕಕ್ಕೆ ಹೋಗುತ್ತಿತ್ತು, ಕಾಫಿ ಲೋಟದ ಹೊರಗೆ ಬೀಳುತ್ತಿತ್ತು, ಮೆಟ್ಟಿಲು ಇಳಿಯುವಾಗ ಕಾಲಿಗೆ ಲೆಕ್ಕ ಸಿಗುತ್ತಿರಲಿಲ್ಲ. ಕಸೂತಿ ಕೆಲಸ ಬಿಟ್ಟೆ, ಈಗ ಫಾಲ್ ಹಾಕುವುದು, ನೇರ ಹೊಲಿಗೆ ಮಾತ್ರ. ವರ್ಷದೊಳಗೆ ಅದೇ ಕಣ್ಣಿಗೆ ಪೊರೆ ಬಂತು, ಮತ್ತೆ ಆಪರೇಷನ್. ಕೇಳಿದರೆ, ಇದೆಲ್ಲ ಸಾಮಾನ್ಯ ಅಮ್ಮ ಅಂದರು. ಸಾಮಾನ್ಯ ಅಂದ ಮೇಲೆ ಮೊದಲೇ ಹೇಳಬಹುದಿತ್ತು ಅಲ್ವಾ?

ಕೊಡಗಿನಿಂದ, ಚಿಕ್ಕಮಗಳೂರಿನಿಂದ ಎಷ್ಟೋ ಜನ ಆಸ್ಪತ್ರೆಗೆ ಅಂತ ಮಂಗಳೂರಿಗೆ ಇಳಿಯುತ್ತಾರೆ. ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಒಂದು ಹಾಳೆ ಕೊಡಿ, ನಿಮ್ಮ ಊರು ಘಟ್ಟದ ಮೇಲಾ ಅಂತ ಒಂದು ಮಾತು ಕೇಳಿ ಅಂತ ಕಣ್ಣಾಸ್ಪತ್ರೆಯವರನ್ನು ಕೇಳಿಕೊಳ್ಳುತ್ತೇನೆ. ಕೆಲವು ಕಡೆ ಗ್ಯಾಸ್ ಇರುವವರ ಕೈಗೆ ಪಟ್ಟಿ ಕಟ್ಟುತ್ತಾರಂತೆ, ವಿಮಾನ ಹತ್ತದಿರಲಿ, ಬೇರೆ ಆಪರೇಷನ್ ಆದರೆ ಅನಸ್ತೇಶಿಯಾ ಕೊಡುವವರಿಗೂ ತಿಳಿಯಲಿ ಅಂತ. ಅದಕ್ಕೆ ಎಷ್ಟು ಖರ್ಚಾದೀತು? ಇನ್ನು ಈ ಆಪರೇಷನ್ನಿಗೆ ಹೊರಟಿರುವ ನಮ್ಮ ಕಡೆಯವರು, ಗ್ಯಾಸ್ ಹಾಕುತ್ತೀರಾ, ಎಷ್ಟು ವಾರ ಇರುತ್ತದೆ ಅಂತ ಮೊದಲೇ ಕೇಳಿ, ಅಷ್ಟು ದಿನಕ್ಕೆ ಕೆಳಗೆ ಒಂದು ಮನೆ ನೋಡಿಟ್ಟುಕೊಂಡೇ ಹೋಗಿ.

— ಓದುಗರೊಬ್ಬರು, ಮಡಿಕೇರಿ