ಗುಂಪಿಗೆಲ್ಲ ಒಂದೇ ಅಂಕ: ಈ ಪದ್ಧತಿ ನಿಲ್ಲಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಗಳಲ್ಲಿ ಎಫ್‌ಎ (ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನ) ಹತ್ತಿರ ಬಂತೆಂದರೆ ಊರಿನ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲು, ಚಾರ್ಟ್ ಹಾಳೆಗಳಿಗೆ ಬೇಡಿಕೆ ಏರುತ್ತದೆ. ಎಂಟು ಹತ್ತು ಮಕ್ಕಳಿಗೆ ಒಂದು ಗುಂಪು, ಗುಂಪಿಗೊಂದು ಮಾದರಿ, ಮಾದರಿಯ ಮೂಲೆಯಲ್ಲಿ ಎಲ್ಲರ ಹೆಸರು, ಎಲ್ಲರಿಗೂ ಒಂದೇ ಅಂಕ. ಕೆಲಸ ಮಾಡಿದವರು ಇಬ್ಬರು, ದುಡ್ಡು ಹಾಕಿದವರು ನಾಲ್ವರು, ಉಳಿದವರು ಹೆಸರು ಬರೆಸಿದವರು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು ಎಂಬ ಗಾದೆಗೆ ಇಲ್ಲಿ ಉತ್ತರವಿದೆ: ಅಕ್ಷರ ದುಂಡಗಿರುವ ಒಬ್ಬ ಹುಡುಗಿ. ಎಸ್ಸೆಸ್ಸೆಲ್ಸಿಯ ವಿಜ್ಞಾನದಂಥ ವಿಷಯದಲ್ಲಿ 100ಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನದಿಂದ ಬರುತ್ತದೆ. ಹಾಗಿರುವಾಗ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್, ಜನ ಒಟ್ಟಾಗಿ ಹಗ್ಗ ಎಳೆಯುವಾಗ ಒಬ್ಬೊಬ್ಬರ ಬಲ ಎಷ್ಟೆಂದು ಅಳೆದು 1913ರಲ್ಲಿ ಪ್ರಕಟಿಸಿದ್ದ. ಎಂಟು ಜನ ಸೇರಿದಾಗ ತಲಾ ಎಳೆತ ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಯಾರ ಪಾಲು ಎಷ್ಟೆಂದು ಕಾಣದ ಕಡೆ ದೊಡ್ಡವರೇ ಕೈ ಸಡಿಲ ಬಿಡುತ್ತಾರೆ. ಹದಿನೈದರ ಹುಡುಗರು ಬಿಡದಿರುತ್ತಾರೆಯೇ?

ಕೂಡಿ ಕಲಿಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಇಂದಿಗೂ ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿದೆ. ಅಲ್ಲಿ ಮಗು ಯಾವ 'ತಟ್ಟೆ'ಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕೆಂಬುದನ್ನು ಅದರ ಕಲಿಕೆಯ ಹಂತವೇ ಹೇಳುತ್ತದೆ: ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಸಹಪಾಠಿಯ ಪೂರ್ಣ ನೆರವು, ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ಗೆಳೆಯನಿಂದ ಕಲಿತರೂ ಮೆಟ್ಟಿಲು ಹತ್ತುವಾಗ ಮಗು ಒಂಟಿಯಾಗಿಯೇ ಹತ್ತಬೇಕು. ಪ್ರಗತಿ ನೋಟದ ಪಟ್ಟಿಯಲ್ಲಿ ಗುರುತು ಬೀಳುವುದು ಅದರ ಹೆಸರಿನ ಮುಂದೆ, ಗುಂಪಿನ ಹೆಸರಿನ ಮುಂದಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರೂ ಕಪ್ಪುಹಲಗೆಗೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಆ ರೂಢಿ ಪೂರ್ತಿ ಮರೆತಿರುತ್ತದೆ. ಆಗ ನಾವು ಥರ್ಮಾಕೋಲು ಕೊಡುತ್ತೇವೆ.

ಪ್ರೌಢಶಾಲೆಗೆ ಹೊಂದುವ ಒಂದು ಕ್ರಮವೆಂದರೆ ಜಿಗ್‌ಸಾ. ಅಮೆರಿಕದ ಆಸ್ಟಿನ್ ನಗರದಲ್ಲಿ ಕಪ್ಪು, ಬಿಳಿ ಮಕ್ಕಳು ಒಂದೇ ಶಾಲೆಗೆ ಬಂದು ಜಗಳ ಎದ್ದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಇದನ್ನು ರೂಪಿಸಿದರು. ತಿರುಳು ಸರಳ: ಪಾಠದ ಒಂದೊಂದು ಭಾಗ ಒಬ್ಬೊಬ್ಬರ ಬಳಿ ಮಾತ್ರ ಇರುತ್ತದೆ, ಪರೀಕ್ಷೆ ಇಡೀ ಪಾಠದ ಮೇಲೆ ನಡೆಯುತ್ತದೆ. ಪಕ್ಕದವನ ಮಾತು ಕೇಳದೆ ಗತಿಯಿಲ್ಲ.

ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠ ಇದಕ್ಕೆಂದೇ ಬರೆದಂತಿದೆ: ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ. ಎರಡು ಅವಧಿಯಲ್ಲಿ ಪೂರ್ತಿ ಪಾಠ ಹಿಡಿಯುವುದಿಲ್ಲ. ಮನುಷ್ಯನ ದೇಹದ ಭಾಗವನ್ನಷ್ಟೇ ಮಕ್ಕಳಿಗೆ ಬಿಟ್ಟು ಸಸ್ಯಗಳ ಭಾಗವನ್ನು ಶಿಕ್ಷಕರೇ ಮಾಡುವುದು ಲೇಸು. 40 ಮಕ್ಕಳಿದ್ದರೆ ನಾಲ್ವರಂತೆ ಹತ್ತು 'ಮನೆ ಗುಂಪು' (ಕೊನೆಗೆ ವಾಪಸು ಬಂದು ಕೂಡುವ ಮೂಲ ಗುಂಪು), ಒಬ್ಬೊಬ್ಬರಿಗೆ ಒಂದೊಂದು ಭಾಗ. ಒಂದೇ ಭಾಗ ಸಿಕ್ಕವರು ಎದ್ದು ಹೋಗಿ ತಜ್ಞರ ಗುಂಪಾಗಿ ಕೂರುತ್ತಾರೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ, ಏಕೆಂದರೆ ಒಂದು ಭಾಗಕ್ಕೆ ಹತ್ತು ಮಂದಿಯಾಗುತ್ತಾರೆ. ಹತ್ತು ಜನರ ಗುಂಪು ಮತ್ತೆ ಅದೇ ಹಗ್ಗದ ಕಥೆ. ಅದನ್ನು ಐದೈದರಂತೆ ಒಡೆದು ಎಂಟು ಗುಂಪು ಮಾಡಬೇಕು. 42 ಮಕ್ಕಳಿದ್ದರೆ ಎರಡು ಮನೆ ಗುಂಪುಗಳಲ್ಲಿ ಐವರನ್ನು ಕೂರಿಸಿ, ಪೋಷಣೆಯ ಭಾಗವನ್ನು ಇಬ್ಬರಿಗೆ ಹಂಚಿದರಾಯಿತು.

40 ನಿಮಿಷದ ಮೊದಲ ಅವಧಿಯಲ್ಲಿ 10 ನಿಮಿಷ ತನ್ನ ಭಾಗದ ಮೌನ ಓದು, 20 ನಿಮಿಷ ತಜ್ಞರ ಗುಂಪು. ಅಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ನೋಟ್ ಪುಸ್ತಕದಲ್ಲಿ ಒಂದು ಪುಟ ಚಿತ್ರ, ಮೂರು ಪ್ರಶ್ನೆ ಬರೆದುಕೊಂಡಿರಬೇಕು. ಉಳಿದ ಸಮಯ ಎದ್ದು ಕೂರುವುದಕ್ಕೆ ಹೋಗುತ್ತದೆ. ಎರಡನೇ ಅವಧಿಯಲ್ಲಿ ಮನೆ ಗುಂಪಿಗೆ ವಾಪಸು, ತಲಾ 6 ನಿಮಿಷದಂತೆ ನಾಲ್ವರಿಗೆ 24 ನಿಮಿಷ. ಆಮೇಲೆ ಪುಸ್ತಕ ಮುಚ್ಚಿ 10 ನಿಮಿಷದ ಕಿರುಪರೀಕ್ಷೆ, ಒಬ್ಬೊಬ್ಬರಾಗಿ.

ತಜ್ಞರ ಗುಂಪಿನ ಆ 20 ನಿಮಿಷವೇ ಶಿಕ್ಷಕರ ನಿಜವಾದ ದುಡಿಮೆ. ಒಂದು ತಜ್ಞರ ಗುಂಪಿನಲ್ಲಿ ಹುಟ್ಟಿದ ತಪ್ಪು ಮರುದಿನ ಐದು ಮನೆ ಗುಂಪಿಗೂ ಹರಡಬಹುದು. ತಪ್ಪುಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ. ಪಿತ್ತರಸದಲ್ಲಿ ಕಿಣ್ವವಿದೆ ಎನ್ನುತ್ತಾರೆ. ಇಲ್ಲ, ಅದು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಗಾಳಿ ಒಳಗೆ ಹೊರಗೆ ಹೋಗುವುದಕ್ಕೇ ಉಸಿರಾಟ ಮುಗಿಯಿತೆಂದು ಜೀವಕೋಶದೊಳಗೆ ಗ್ಲುಕೋಸ್ ಒಡೆಯುವುದನ್ನು ಬಿಡುತ್ತಾರೆ. ಅಪಧಮನಿಯಲ್ಲಿ ಯಾವಾಗಲೂ ಆಕ್ಸಿಜನ್ ತುಂಬಿದ ರಕ್ತವೇ ಹರಿಯುತ್ತದೆಂದು ಬರೆಯುತ್ತಾರೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಇದಕ್ಕೆ ಅಪವಾದ. ಮಲವನ್ನೂ ವಿಸರ್ಜನೆಯ ಪಟ್ಟಿಗೆ ಸೇರಿಸುತ್ತಾರೆ. ಅದರ ಬಹುಪಾಲು ನೀರು, ಜೀರ್ಣವಾಗದ ಆಹಾರ, ಬ್ಯಾಕ್ಟೀರಿಯಾ; ಜೀವಕೋಶಗಳು ಹೊರಹಾಕಿದ ತ್ಯಾಜ್ಯವಲ್ಲ. ಎಂಟು ಗುಂಪಿಗೆ ಎರಡೆರಡು ನಿಮಿಷ ಎಂದರೂ 16 ನಿಮಿಷ ಬೇಕು, ಮೇಜಿನ ಮುಂದೆ ಕೂತು ಹಾಜರಿ ತುಂಬುವ ಹೊತ್ತಲ್ಲ ಅದು. 60 ಮಕ್ಕಳ ತರಗತಿಯಲ್ಲಿ ತಜ್ಞರ ಗುಂಪು ಹನ್ನೆರಡಾಗುತ್ತದೆ, ಒಬ್ಬರಿಂದ ಆಗುವುದಿಲ್ಲ. ಅಲ್ಲಿ ಈ ನಾಲ್ಕು ತಪ್ಪುಗಳನ್ನೇ 'ಸರಿಯೋ ತಪ್ಪೋ, ಏಕೆ' ಎಂದು ಹಲಗೆಯ ಮೇಲೆ ಮೊದಲೇ ಬರೆದಿಟ್ಟರೆ ಅರ್ಧ ಕೆಲಸ ತಗ್ಗುತ್ತದೆ.

ಎಲ್ಲ ಪಾಠಕ್ಕೂ ಇದು ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಗಣಿತದ ಸಮಾಂತರ ಶ್ರೇಢಿಯಲ್ಲಿ ಎನ್‌ನೇ ಪದ ಗೊತ್ತಿಲ್ಲದವನಿಗೆ ಮೊತ್ತದ ಸೂತ್ರವನ್ನು ಪಾಲಿಗೆ ಕೊಟ್ಟರೆ ಅವನೇನು ಮಾಡಿಯಾನು? ಒಂದರ ಮೇಲೊಂದು ನಿಂತಿರುವ ಪಾಠಗಳಿಗೆ ಪಕ್ಕದವರಿಬ್ಬರ ಜೋಡಿ ಸಾಕು: ಎರಡು ನಿಮಿಷ ತಾನೇ ಬಿಡಿಸಿ, ಮೂರು ನಿಮಿಷ ಜೋಡಿಯೊಂದಿಗೆ ತಾಳೆ ನೋಡಿ, ಆಮೇಲೆ ತರಗತಿಗೆ ಹೇಳುವುದು.

ಗುಂಪು ಯಾರು ಮಾಡಬೇಕು? ಮಕ್ಕಳಿಗೇ ಬಿಟ್ಟರೆ ಕೇರಿ ಕೇರಿಯವರೇ ಜೊತೆಯಾಗುತ್ತಾರೆ, ಕೊನೆಗೆ ಯಾರಿಗೂ ಬೇಡವಾದ ಮೂವರು ಉಳಿಯುತ್ತಾರೆ. ಹಾಜರಿ ಸಂಖ್ಯೆಯ ಪ್ರಕಾರ ಮಾಡಿದರೆ ಎಲ್ಲ ಚುರುಕಿನವರೂ ಒಂದೇ ಕಡೆ ಬೀಳಬಹುದು. ಹಿಂದಿನ ಕಿರುಪರೀಕ್ಷೆಯ ಅಂಕದ ಪ್ರಕಾರ 1ರಿಂದ 40ರವರೆಗೆ ಸಾಲು ಹಚ್ಚಿ 1, 20, 21, 40 ಒಂದು ಗುಂಪು. 2, 19, 22, 39 ಇನ್ನೊಂದು. ಹೀಗೆ 10, 11, 30, 31ರವರೆಗೆ. ಈ ಸಾಲನ್ನು ಮಕ್ಕಳಿಗೆ ತೋರಿಸಬಾರದು. ಗುಂಪಿನೊಳಗೆ 1ನೆಯವರನ್ನು 40ನೆಯವರ ಪಕ್ಕ ಕೂರಿಸದಿರುವುದೇ ಜಾಣತನ. ಅಂತರ ಹೆಚ್ಚಾದರೆ ಒಬ್ಬರು ಹೇಳಿಕೊಡುವ ಬದಲು ಉತ್ತರ ಬರೆದುಕೊಡುತ್ತಾರೆ, ಇನ್ನೊಬ್ಬರು ನಕಲು ಮಾಡುತ್ತಾರೆ. 40ನೆಯವರಿಗೆ 20ನೆಯವರ ಮಾತು ಹೆಚ್ಚು ತಿಳಿಯುತ್ತದೆ; ಅವರು ಮೊನ್ನೆಯಷ್ಟೇ ಅದೇ ಕಷ್ಟ ದಾಟಿ ಬಂದವರು. ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಕೂರಿಸಿದರೆ ಅವಳು ಬಾಯಿ ಬಿಡುವುದಿಲ್ಲ, ಇಬ್ಬಿಬ್ಬರಾಗಲಿ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಗುವಿಗೆ ಅದೇ ಮಾತಿನ ಇನ್ನೊಬ್ಬರು ಗುಂಪಿನಲ್ಲಿದ್ದರೆ ಒಳ್ಳೆಯದು. ತರಗತಿ ನಾಯಕನನ್ನೇ ಗುಂಪಿನ ನಾಯಕ ಮಾಡಬೇಡಿ, ಅವನು ಕೋಲಿಲ್ಲದ ಮೇಷ್ಟ್ರಾಗುತ್ತಾನೆ. ಓದುವವರು, ಬರೆಯುವವರು, ಪ್ರಶ್ನೆ ಕೇಳುವವರು, ಗಡಿಯಾರ ನೋಡುವವರು ಎಂಬ ನಾಲ್ಕು ಕೆಲಸ ಪ್ರತಿ ಸಲ ಕೈ ಬದಲಾಯಿಸಬೇಕು. ಗುಂಪನ್ನು ಐದಾರು ವಾರಕ್ಕೊಮ್ಮೆ ಮತ್ತೆ ಕಲಕಿದರೆ ಸಾಕು, ವಾರವಾರವೂ ಬದಲಿಸಿದರೆ ಒಬ್ಬರಿಗೊಬ್ಬರು ಒಗ್ಗುವುದಿಲ್ಲ.

ಬೆಂಚು ಬೇರೆ, ಡೆಸ್ಕು ಬೇರೆ ಇರುವ ಕಡೆ ಒಂದು ಬಿಟ್ಟು ಒಂದು ಸಾಲಿನವರು ಹಿಂದಕ್ಕೆ ತಿರುಗಿ ಕೂತರೆ ಮುಗಿಯಿತು. ಎರಡನ್ನೂ ಸೇರಿಸಿ ಬೆಸುಗೆ ಹಾಕಿದ್ದರೆ ಜಮಖಾನೆ ಹಾಸಿ ವರಾಂಡಕ್ಕೆ ಹೋಗುವುದೇ ದಾರಿ.

ಈಗ ಅಂಕದ ಮಾತು. ಯೋಜನೆಗೆ 10 ಅಂಕವಿದ್ದರೆ 7 ಅಂಕ ಆ ಮಗು ಒಂಟಿಯಾಗಿ ಬರೆದ ಕಿರುಪರೀಕ್ಷೆಗೆ ಇರಲಿ, 3 ಮಾತ್ರ ಗುಂಪಿಗೆ. ಆ 3 ಅಂಕವೂ ಮಾದರಿಯ ಅಂದಕ್ಕಲ್ಲ. ಗುಂಪಿನ ನಾಲ್ಕು ಹೆಸರು ಚೀಟಿಯಲ್ಲಿ ಬರೆದು ಒಂದನ್ನು ಎತ್ತಿ. ಬಂದವರು ತಾವು ಮಾಡದ, ಜೊತೆಯವರು ಮಾಡಿದ ಭಾಗವನ್ನು ವಿವರಿಸಲಿ. ಹತ್ತು ಗುಂಪಿಗೆ ನಾಲ್ಕು ನಿಮಿಷದಂತೆ 40 ನಿಮಿಷ, ಲೆಕ್ಕಕ್ಕೆ ಒಂದೇ ಅವಧಿ. ನಡುವಿನ ಗದ್ದಲ ಹಿಡಿದರೆ ಎರಡು. ಯಾರ ಚೀಟಿ ಬರುವುದೋ ತಿಳಿಯದ್ದರಿಂದ, ಚುರುಕಿನವರು ಹಿಂದುಳಿದವರಿಗೆ ಹಿಂದಿನ ಸಂಜೆಯೇ ಹೇಳಿಕೊಡಲು ಶುರು ಮಾಡುತ್ತಾರೆ. ನಾವು ಗುಂಪು ಮಾಡಿದ್ದೇ ಅದಕ್ಕಲ್ಲವೇ?

ಶಿಕ್ಷಣ ಇಲಾಖೆಯಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಆಂತರಿಕ ಅಂಕದ ನಮೂನೆಯಲ್ಲಿ 'ಗುಂಪಿನ ಪಾಲು', 'ಸ್ವಂತ ಪಾಲು' ಎಂದು ಎರಡು ಕಲಂ ಬರಲಿ. ಗುಂಪಿನ ಗರಿಷ್ಠ ಸಂಖ್ಯೆ ಐದೆಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಲಿ. ಚಟುವಟಿಕೆ ನಡೆದದ್ದಕ್ಕೆ ಸಾಕ್ಷಿಯಾಗಿ ಮಾದರಿಯ ಫೋಟೊ ಸಾಲದು, ಮಕ್ಕಳ ಕಿರುಪರೀಕ್ಷೆಯ ಹಾಳೆಗಳನ್ನು ನೋಡಲಿ. ತಪಾಸಣೆಗೆ ಬಂದವರಿಗೆ ತರಗತಿಯಲ್ಲಿ ಗದ್ದಲ ಕೇಳಿಸಿದರೆ ಬಾಗಿಲಲ್ಲೇ ಗದರದೆ ಒಳಗೆ ಬಂದು ಐದು ನಿಮಿಷ ಒಂದು ಗುಂಪಿನ ಪಕ್ಕ ಕೂರಲಿ. ಮೊದಲೆರಡು ಸಲ ಸಮಯ ಸಾಲದೆ ಕಿರುಪರೀಕ್ಷೆ ಮೂರನೇ ಅವಧಿಗೆ ಹೋಗುವುದು ಸಹಜ. ಆ ಒಂದು ಹೆಚ್ಚಿನ ಅವಧಿಗೆ ಪಾಠ ಹಂಚಿಕೆಯಲ್ಲಿ ಜೂನ್ ತಿಂಗಳಲ್ಲೇ ಜಾಗ ಇಟ್ಟುಕೊಳ್ಳಬೇಕು, ಡಿಸೆಂಬರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇಂತಿ,
ಪ್ರೌಢಶಾಲೆಯ ಕೆಲವು ವಿಜ್ಞಾನ, ಗಣಿತ ಶಿಕ್ಷಕರು
ತುಮಕೂರು ಜಿಲ್ಲೆ